ಶಾಸ್ತ್ರವಾಕ್ಯದ ಹೊಣೆ

ಕಾವ್ಯವನ್ನೋದಿ ತಲೆದೂಗಿದವರು ಬಹುಮಂದಿ. ಔಷಧದ ಸೀಸೆಯ ಮೇಲಣ ಚೀಟಿಯನ್ನೋದಿ ತಲೆದೂಗಿದವರನ್ನು ಯಾರೂ ಕಂಡಿಲ್ಲ. ಆದರೆ ಕಾವ್ಯದ ಅರ್ಥವನ್ನು ತಪ್ಪಾಗಿ ಗ್ರಹಿಸಿದವನಿಗೆ ಆಗುವ ನಷ್ಟವು ರಸಾಸ್ವಾದದ ನಷ್ಟ ಮಾತ್ರ. ಚೀಟಿಯ ಅರ್ಥವನ್ನು ತಪ್ಪಾಗಿ ಗ್ರಹಿಸಿದವನಿಗೆ ಪ್ರಾಣವೇ ಹೋದೀತು. ಹೀಗಿದ್ದರೂ ಮೊದಲನೆಯದರ ಗುಣದೋಷಗಳನ್ನು ವಿವೇಚಿಸುವುದಕ್ಕೆ ಅಲಂಕಾರಶಾಸ್ತ್ರವು ಸಾವಿರಾರು ವರ್ಷಗಳಿಂದ ಬೆಳೆದು ನಿಂತಿದೆ. ಎರಡನೆಯದನ್ನು ಬರೆಯುವ ಕ್ರಮವನ್ನು ವಿಶ್ವವಿದ್ಯಾಲಯಗಳು ಕಲಿಸತೊಡಗಿ ನೂರು ವರ್ಷಗಳ ಮೇಲೆ ಸ್ವಲ್ಪ ಕಾಲವಾಗಿದೆ, ಅಷ್ಟೆ.

ಅಮೆರಿಕೆಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಗೆ ತಾಂತ್ರಿಕ ಸಂವಹನ ಮತ್ತು ಮಾಹಿತಿ ವಿನ್ಯಾಸ ಎಂಬರ್ಥದ ಹೆಸರುಂಟು. ಟಫ್ಟ್ಸ್ ಕಾಲೇಜಿನಲ್ಲಿ ಯಂತ್ರವಿದ್ಯೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷನ್ನು ಬೋಧಿಸುತ್ತಿದ್ದ ಸ್ಯಾಮ್ಯುಯೆಲ್ ಚಾಂಡ್ಲರ್ ಅರ್ಲ್ ಎಂಬವರು 1911ರಲ್ಲಿ ಈ ವಿಷಯದ ಮೇಲೆ ಒಂದು ಪಠ್ಯಗ್ರಂಥವನ್ನು ಪ್ರಕಟಿಸಿದರು. 1949ರಲ್ಲಿ ಜೋಸೆಫ್ ಚಾಪ್ಲಿನ್ ಎಂಬವರು ಬೈನಾಕ್ ಎಂಬ ಗಣಕಯಂತ್ರಕ್ಕೆ ಬಳಕೆಯ ಕೈಪಿಡಿಯನ್ನು ಬರೆದರು. ಅಂದಿನಿಂದೀಚೆಗೆ ಯಂತ್ರಗಳು ಹೆಚ್ಚಿದಂತೆ ಈ ಬರವಣಿಗೆಯೂ ಹೆಚ್ಚಿತು. ಇದರ ಪಾಠಗಳು ಬಹುಮಟ್ಟಿಗೆ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ಶಾಖೆಯ ಆಶ್ರಯದಲ್ಲಿಯೇ ನಡೆಯುತ್ತವೆ. ಒಂದು ಕೊಠಡಿಯಲ್ಲಿ ಷೇಕ್ಸ್‌ಪಿಯರನ ನಾಟಕ. ಪಕ್ಕದ ಕೊಠಡಿಯಲ್ಲಿ ಯಂತ್ರದ ಕೈಪಿಡಿ, ಅಪಾಯದ ಸೂಚನೆ, ಪರೀಕ್ಷೆಯ ವರದಿ, ಅಂಕಿಗಳ ಪಟ್ಟಿ. ಮೊದಲನೆಯ ಕೊಠಡಿಗಿದ್ದ ಗೌರವವು ಎರಡನೆಯದಕ್ಕೆ ಸುಲಭವಾಗಿ ದೊರೆಯಲಿಲ್ಲ. ಇದು ಬರಿಯ ಕೈಕಸಬಲ್ಲ, ಮಾನವೀಯ ವಿದ್ಯೆಗಳ ಪಂಕ್ತಿಗೆ ಸೇರತಕ್ಕದ್ದು ಎಂದು ತೋರಿಸುವುದಕ್ಕಾಗಿ ಕ್ಯಾರೊಲಿನ್ ಮಿಲ್ಲರ್ ಎಂಬ ವಿದುಷಿಯು 1979ರಲ್ಲಿ ಒಂದು ಪ್ರಬಂಧವನ್ನೇ ಬರೆಯಬೇಕಾಯಿತು.

ಸಂಸ್ಕೃತ ಶಾಸ್ತ್ರಗಳ ಪರಿಚಯವುಳ್ಳವರಿಗೆ ಈ ಪಾಠಕ್ರಮದ ಮೊದಲನೆಯ ಉಪದೇಶವು ಹೊಸದಾಗಿ ತೋರಲಾರದು. ಲೇಖನಿಯನ್ನು ಹಿಡಿಯುವ ಮೊದಲು ವಿದ್ಯಾರ್ಥಿಯು ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ಇದನ್ನು ಓದುವವರು ಯಾರು? ಓದಿ ಅವರು ಏನನ್ನು ಸಾಧಿಸಬೇಕಾಗಿದೆ? ಹೇಳುವ ವಿಷಯದ ಎಲ್ಲೆ ಯಾವುದು? ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸಬೇಕೆಂದು ಭಾರತೀಯ ಶಾಸ್ತ್ರಕಾರರು ವಿಧಿಸಿದ್ದು ಇದನ್ನೇ. ಇಲ್ಲಿ ಅಧಿಕಾರಿಯೆಂದರೆ ಕಚೇರಿಯ ಗದ್ದುಗೆಯಲ್ಲಿ ಕುಳಿತವನಲ್ಲ; ಆ ಗ್ರಂಥವನ್ನು ಓದಿ ತಿಳಿಯಲು ಯೋಗ್ಯನಾದವನು. ಈ ಶಬ್ದದ ಎರಡು ಅರ್ಥಗಳನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರ ಅಗತ್ಯ ಬೀಳುವುದು.

ಆದರೆ ಒಂದು ಭೇದವುಂಟು. ಸೂತ್ರಕಾರನು ಅರ್ಧಾಕ್ಷರವನ್ನು ಉಳಿಸಿದರೂ ಸಂತೋಷಪಡಬಹುದು. ಏಕೆಂದರೆ ಅವನ ಹಿಂದೆ ವೃತ್ತಿಕಾರನಿದ್ದಾನೆ, ಭಾಷ್ಯಕಾರನಿದ್ದಾನೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಗುರುವಿದ್ದಾನೆ. ನಡುರಾತ್ರಿಯಲ್ಲಿ ವಿಮಾನದ ಕೆಳಗೆ ದೀಪ ಹಿಡಿದು ನಿಂತ ಕೆಲಸಗಾರನಿಗೆ ಯಾವ ಗುರುವೂ ಇಲ್ಲ. ಅವನ ಕೈಯಲ್ಲಿರುವ ಹಾಳೆಯು ತನಗೆ ತಾನೇ ಭಾಷ್ಯವಾಗಿರಬೇಕು. ಆದ್ದರಿಂದಲೇ ಈ ಪಾಠಕ್ರಮದಲ್ಲಿ ಬರೆದದ್ದನ್ನು ಉಪಾಧ್ಯಾಯರು ತಿದ್ದಿದ ಮಾತ್ರಕ್ಕೆ ಮುಗಿಯುವುದಿಲ್ಲ. ಆ ಯಂತ್ರವನ್ನು ಹಿಂದೆಂದೂ ಕಾಣದ ಒಬ್ಬನಿಗೆ ಕೈಪಿಡಿಯನ್ನು ಕೊಟ್ಟು, ಬರೆದವನು ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತು, ಓದುವವನು ಯಾವ ಸಾಲಿನಲ್ಲಿ ತಡವರಿಸುತ್ತಾನೆಂಬುದನ್ನು ನೋಡಬೇಕು. ತನ್ನ ವಾಕ್ಯವು ತನ್ನೆದುರಿಗೇ ಇನ್ನೊಬ್ಬನನ್ನು ದಾರಿ ತಪ್ಪಿಸುವುದನ್ನು ಕಂಡೂ ಸುಮ್ಮನಿರಬೇಕಾದ ಈ ಪರೀಕ್ಷೆಗಿಂತ ವಿನಯವನ್ನು ಕಲಿಸುವ ಪರೀಕ್ಷೆ ಅಪರೂಪ.

ಓದುವವನು ಇಂಗ್ಲಿಷನ್ನು ಮಾತೃಭಾಷೆಯಾಗಿ ಪಡೆಯದವನಾದರೆ ಕಷ್ಟವು ಇಮ್ಮಡಿಯಾಗುತ್ತದೆ. ಇದನ್ನು ಮನಗಂಡ ಐರೋಪ್ಯ ವಿಮಾನೋದ್ಯಮದವರು 1986ರಲ್ಲಿ ಸರಳೀಕೃತ ಇಂಗ್ಲಿಷಿಗೆ ಒಂದು ನಿಯಮಾವಳಿಯನ್ನು ಹೊರತಂದರು. ಇಂದು ಅದರ ಕೋಶದಲ್ಲಿ ಅಂಗೀಕೃತವಾದ ಸಾಮಾನ್ಯ ಶಬ್ದಗಳು ಸುಮಾರು 900. ಒಂದು ಶಬ್ದಕ್ಕೆ ಒಂದೇ ಅರ್ಥ. ಕೆಲಸವನ್ನು ವಿಧಿಸುವ ವಾಕ್ಯದಲ್ಲಿ 20 ಶಬ್ದಗಳನ್ನು ಮೀರಬಾರದು. 'ಫಾಲೋ' ಎಂಬ ಕ್ರಿಯಾಪದಕ್ಕೆ ಅಲ್ಲಿ 'ಹಿಂದೆ ಬರು' ಎಂಬುದೊಂದೇ ಅರ್ಥ. ನಿಯಮವನ್ನು ಪಾಲಿಸು ಎನ್ನಬೇಕಾದಲ್ಲಿ 'ಒಬೆ' ಎಂದೇ ಬರೆಯಬೇಕು. ಶ್ಲೇಷವು ಕವಿಗೆ ಭೂಷಣ. ವಿಮಾನವನ್ನು ದುರಸ್ತಿ ಮಾಡುವವನಿಗೆ ಅದು ಮೃತ್ಯು. ಬೆಂಗಳೂರಿನ ಉದ್ಯಮಗಳಲ್ಲಿ ಇಂತಹ ಕೈಪಿಡಿಗಳನ್ನು ಬರೆಯುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡ ಕನ್ನಡದ ಮಕ್ಕಳು ಇಂದು ಅನೇಕರಿದ್ದಾರೆ. ಎರಡನೆಯ ಭಾಷೆಯಾಗಿ ಇಂಗ್ಲಿಷನ್ನು ಕಲಿತವರಿಗೆ ಈ ಕಟ್ಟುಪಾಡಿನ ಬೆಲೆಯು ಬೇಗನೆ ತಿಳಿಯುತ್ತದೆ.

ಇಷ್ಟರವರೆಗೆ ಮಾತು ವಾಕ್ಯದ್ದು. ಮಾಹಿತಿ ವಿನ್ಯಾಸವೆಂಬ ಎರಡನೆಯ ಭಾಗವು ಹಾಳೆಯ ಮೇಲೆ ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂಬುದನ್ನು ಕುರಿತದ್ದು. ಪದಗಳಿಂದ ವಾಕ್ಯಾರ್ಥವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ತರ್ಕಶಾಸ್ತ್ರವನ್ನು ಓದಿದ ಬಾಲಕರೂ ಬಲ್ಲರು. ಒಂದು ಪದವನ್ನು ಬೆಳಗ್ಗೆಯೂ ಮತ್ತೊಂದನ್ನು ಸಂಜೆಯೂ ಉಚ್ಚರಿಸಿದರೆ ಅರ್ಥವಾಗದು. ಅವು ಒಂದರ ಬಳಿ ಒಂದು ಇರಬೇಕು. ಅಂಕಿಗಳಿಗೂ ಈ ಸನ್ನಿಧಿಯು ಬೇಕೆಂಬುದಕ್ಕೆ ಆ ಪಾಠಕ್ರಮಗಳಲ್ಲಿ ಮತ್ತೆ ಮತ್ತೆ ಹೇಳುವ ದೃಷ್ಟಾಂತವೊಂದಿದೆ.

1986ನೆಯ ಇಸವಿ ಜನವರಿ 28ರಂದು ಅಮೆರಿಕೆಯ ಫ್ಲಾರಿಡಾದಿಂದ ಮೇಲೆದ್ದ ಚಾಲೆಂಜರ್ ಎಂಬ ಗಗನನೌಕೆಯು 73 ಸೆಕೆಂಡುಗಳಲ್ಲಿ ಒಡೆದು ಚೂರಾಯಿತು. ಏಳು ಮಂದಿ ಮಡಿದರು. ಅವರಲ್ಲೊಬ್ಬಳು ಕ್ರಿಸ್ಟಾ ಮೆಕಾಲಿಫ್. ನ್ಯೂ ಹ್ಯಾಂಪ್‌ಷೈರಿನ ಕಾಂಕರ್ಡ್ ಎಂಬ ಊರಿನ ಪಾಠಶಾಲೆಯ ಉಪಾಧ್ಯಾಯಿನಿ. ಆಕೆಯು ಆಕಾಶದಿಂದ ಪಾಠ ಹೇಳುವಳೆಂದು ಆ ದೇಶದ ಶಾಲೆಗಳಲ್ಲಿ ಮಕ್ಕಳು ದೂರದರ್ಶನದ ಮುಂದೆ ಕುಳಿತಿದ್ದರು. ಅನರ್ಥಕ್ಕೆ ಮೂಲವು ರಾಕೆಟ್ಟಿನ ತುಂಡುಗಳ ಸಂದನ್ನು ಮುಚ್ಚುವ ರಬ್ಬರಿನ ಬಳೆ. ಚಳಿಯಲ್ಲಿ ಅದು ಬಿರುಸಾಗಿ ಸಂದನ್ನು ಮುಚ್ಚಲಾರದೆ ಹೋಯಿತು.

ಹಿಂದಿನ ರಾತ್ರಿಯೇ ಅದನ್ನು ತಯಾರಿಸಿದ ಸಂಸ್ಥೆಯ ಯಂತ್ರಜ್ಞರು ದೂರವಾಣಿಯ ಮೂಲಕ ಎಚ್ಚರಿಸಿದ್ದರು. 53 ಅಂಶ ಫ್ಯಾರನ್‌ಹೀಟಿಗಿಂತ ಕೆಳಗೆ ಹಾರಿಸಬಾರದೆಂಬುದು ಅವರ ಸಲಹೆ. ಮರುದಿನ ಬಳೆಯ ಉಷ್ಣತೆಯು 30 ಅಂಶಕ್ಕೂ ಕೆಳಗಿರುವುದೆಂದು ಅವರ ಅಂದಾಜು. ತಮ್ಮ ವಾದಕ್ಕೆ ಆಧಾರವಾಗಿ 13 ಹಾಳೆಗಳನ್ನು ಕಳುಹಿಸಿದರು. ಆದರೆ ಬಳೆಗಳಿಗೆ ಹಿಂದೆ ಆದ ಕೆಡುಕು ಒಂದು ಹಾಳೆಯಲ್ಲಿ, ಉಷ್ಣತೆಯು ಇನ್ನೊಂದರಲ್ಲಿ. ಒಂದೇ ಹಾರಾಟಕ್ಕೆ ಒಂದು ಕಡೆ ಒಂದು ಅಂಕಿತ, ಮತ್ತೊಂದು ಕಡೆ ಮತ್ತೊಂದು. 53 ಅಂಶದಲ್ಲಿ ಕೆಡುಕಾದದ್ದನ್ನೂ 75 ಅಂಶದಲ್ಲಿ ಕೆಡುಕಾದದ್ದನ್ನೂ ಹೇಳಿದರೇ ಹೊರತು, ಕೆಡುಕಾಗದೆ ಹೋದ ಹಾರಾಟಗಳನ್ನು ಹೇಳಲಿಲ್ಲ. ಹಾಗಾದರೆ ಚಳಿಯೇ ಕಾರಣವೆಂಬುದು ಹೇಗೆ ಸಿದ್ಧವಾಯಿತು ಎಂದು ಎದುರಿನವರು ಕೇಳಿದರು. ಅನ್ವಯ ವ್ಯತಿರೇಕಗಳೆರಡೂ ಇಲ್ಲದೆ ಕಾರಣವು ಸಿದ್ಧಿಸದೆಂಬುದು ತರ್ಕವೇ ಸರಿ. ಅನಂತರ ವಿಚಾರಣೆಯ ಆಯೋಗವು ಅದುವರೆಗಿನ 24 ಹಾರಾಟಗಳನ್ನೂ ಉಷ್ಣತೆಯೊಡನೆ ಜೋಡಿಸಿ ನೋಡಿತು: 66 ಅಂಶ ಮತ್ತು ಅದಕ್ಕೆ ಮೇಲ್ಪಟ್ಟ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಬಳೆಗೆ ಕೆಡುಕು, 63 ಅಂಶ ಮತ್ತು ಅದಕ್ಕೆ ಕೆಳಗಿನ ನಾಲ್ಕರಲ್ಲಿ ನಾಲ್ಕಕ್ಕೂ ಕೆಡುಕು. ಎರಡು ಪಂಕ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದರೆ ಕಾಣುತ್ತಿದ್ದ ಸಂಗತಿಯಿದು. ಎಡ್ವರ್ಡ್ ಟಫ್ಟಿ ಎಂಬ ಪಂಡಿತನು 1997ರಲ್ಲಿ ತನ್ನ ಗ್ರಂಥವೊಂದರಲ್ಲಿ ಈ ಹಾಳೆಗಳ ದೋಷವನ್ನು ವಿಸ್ತಾರವಾಗಿ ವಿಮರ್ಶಿಸಿದನು.

ಪಾಠವು ಇಲ್ಲಿಗೇ ನಿಂತರೆ ಅದು ಅರ್ಧಸತ್ಯ. ಆ ಯಂತ್ರಜ್ಞರಲ್ಲಿ ಮುಖ್ಯನಾದ ರೋಜರ್ ಬೋಜೊಲೆಯೂ ಇತರ ಕೆಲವರೂ 2002ರಲ್ಲಿ ಟಫ್ಟಿಗೆ ಉತ್ತರವಿತ್ತರು. ವಿಮರ್ಶಕನು ವಾಯುವಿನ ಉಷ್ಣತೆಯನ್ನೂ ಬಳೆಯ ಉಷ್ಣತೆಯನ್ನೂ ಬೆರೆಸಿದ್ದಾನೆ. ಬೇಕಾದ ಅಂಕಿಗಳೆಲ್ಲ ಆ ರಾತ್ರಿ ಯಂತ್ರಜ್ಞರ ಕೈಯಲ್ಲಿರಲಿಲ್ಲ ಎಂಬುದು ಅವರ ಸಮಾಧಾನ. ಇದಕ್ಕಿಂತ ಬಲವಾದ ಸಾಕ್ಷಿ ಮತ್ತೊಂದಿದೆ. 1985ರ ಜುಲೈ 31ರಂದೇ ಬೋಜೊಲೆಯು ಮೇಲಿನವರಿಗೆ ಒಂದು ಪತ್ರವನ್ನು ಬರೆದು, ಈ ಬಳೆಯ ವಿಷಯದಲ್ಲಿ ಉಪೇಕ್ಷೆ ಮಾಡಿದರೆ ಮನುಷ್ಯರ ಪ್ರಾಣಹಾನಿಯಾದೀತೆಂದು ತಿಳಿಸಿದ್ದನು. ಆ ಪತ್ರದಲ್ಲಿ ಸಂದಿಗ್ಧತೆಯಿಲ್ಲ, ಕ್ಲಿಷ್ಟತೆಯಿಲ್ಲ. ಆದರೂ ಅದು ಸಾಲದೆ ಹೋಯಿತು. ಜನವರಿ 27ರ ರಾತ್ರಿ ಸಂಸ್ಥೆಯವರು ಅರ್ಧ ಗಂಟೆಯ ಕಾಲ ತಮ್ಮೊಳಗೇ ಮಾತನಾಡಿಕೊಂಡಾಗ, ಯಂತ್ರಶಾಖೆಯ ಮುಖ್ಯಸ್ಥನಿಗೆ ಯಂತ್ರಜ್ಞನ ಟೋಪಿಯನ್ನು ತೆಗೆದಿಟ್ಟು ವ್ಯವಸ್ಥಾಪಕನ ಟೋಪಿಯನ್ನು ಧರಿಸುವಂತೆ ಮೇಲಿನವನೊಬ್ಬನು ಸೂಚಿಸಿದನು. ಟೋಪಿ ಬದಲಾಯಿತು, ಸಲಹೆಯೂ ಬದಲಾಯಿತು. ಮಾರೀಚನು ರಾವಣನಿಗೆ ಹಿತವನ್ನು ಹೇಳಿದಾಗಲೂ ವಾಕ್ಯದಲ್ಲಿ ದೋಷವಿರಲಿಲ್ಲ, ದೋಷವು ಕಿವಿಯಲ್ಲಿತ್ತು. ಆ ರಾತ್ರಿ ಕಚೇರಿಯ ಅರ್ಥದಲ್ಲಿ ಅಧಿಕಾರಿಗಳಾಗಿದ್ದವರು ಶಾಸ್ತ್ರದ ಅರ್ಥದಲ್ಲಿ ಅಧಿಕಾರಿಗಳಾಗಿರಲಿಲ್ಲ.

ಹಾಗೆಂದು ಬರೆಯುವವನು ಕೈತೊಳೆದುಕೊಳ್ಳುವಂತಿಲ್ಲ. 2003ನೆಯ ಇಸವಿಯಲ್ಲಿ ಕೊಲಂಬಿಯಾ ನೌಕೆಯು ಮೇಲೇರುವಾಗ ನೊರೆಯಂತಹ ಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆಯು ಇನ್ನೂ ಆಕಾಶದಲ್ಲಿದ್ದಾಗ ಸಿದ್ಧಪಡಿಸಿದ ಒಂದು ಹಾಳೆಯ ಶಿರೋನಾಮೆಯು ಭರವಸೆಯನ್ನೇ ಸೂಚಿಸುವಂತಿತ್ತು. ನಿಜವಾದ ಭಯವು ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಅಡಗಿತ್ತು: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲ, ರೆಕ್ಕೆಗೆ ಬಡಿದದ್ದು ಸುಮಾರು 1,920 ಘನ ಅಂಗುಲ. ಆರುನೂರು ಪಟ್ಟಿಗೂ ಮಿಗಿಲಾದ ಆ ಅಂತರವನ್ನು ಶಿರೋನಾಮೆಯಲ್ಲಿಟ್ಟಿದ್ದರೆ ಓದಿದವರ ಎದೆ ನಡುಗುತ್ತಿತ್ತು. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆಯು ಒಡೆದು, ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಮೊದಲಾದ ಏಳು ಮಂದಿ ಗತಿಸಿದರು. ವಿಚಾರಣೆಯ ಮಂಡಲಿಯು ತನ್ನ ವರದಿಯಲ್ಲಿ ಆ ಒಂದು ಹಾಳೆಯ ದೋಷಗಳನ್ನು ಬಿಡಿಸಿ ತೋರಿಸಿತು. ಅದೊಂದೇ ಕಾರಣವೆಂದು ಯಾರೂ ಹೇಳಲಾರರು. ಅದು ನಿರಪರಾಧಿಯೆಂದೂ ಹೇಳಲಾರರು.

ಹೀಗೆ ಬರೆಯುವವನದು ಒಂದು ಹೊಣೆ, ಕೇಳುವವನದು ಇನ್ನೊಂದು. ಮೊದಲನೆಯದನ್ನು ಪಾಠಕ್ರಮವು ಕಲಿಸಬಲ್ಲದು. ಎರಡನೆಯದನ್ನು ಯಾವ ಪಾಠಕ್ರಮವೂ ಪೂರ್ಣವಾಗಿ ಕಲಿಸಲಾರದು. ಆದರೆ ಇಂದು ಬರೆಯಲು ಕಲಿಯುವ ತರುಣನೇ ನಾಳೆ ಇನ್ನೊಬ್ಬನು ಬರೆದದ್ದನ್ನು ಓದಿ ನಿರ್ಣಯಿಸುವ ಗದ್ದುಗೆಯಲ್ಲಿ ಕುಳಿತಾನು. ತಾನೊಮ್ಮೆ ಕೇಳುವವರಿಲ್ಲದೆ ಬೇಯ್ದವನು ಕೇಳುವುದನ್ನು ಕಲಿತಿರಬಹುದು. ಬೋಜೊಲೆಯು 2012ರಲ್ಲಿ ತೀರಿಕೊಂಡನು. ಆ ದುರಂತದ ತರುವಾಯ ಅವನು ಕಾಲೇಜಿನಿಂದ ಕಾಲೇಜಿಗೆ ಹೋಗಿ ಯಂತ್ರವಿದ್ಯೆಯ ವಿದ್ಯಾರ್ಥಿಗಳ ಮುಂದೆ ನಿಂತು ಆ ರಾತ್ರಿಯ ವೃತ್ತಾಂತವನ್ನು ಹೇಳುತ್ತಿದ್ದನು. ಇಂದಿಗೂ ಆ 24 ಹಾರಾಟಗಳ ಅಂಕಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಇವುಗಳನ್ನು ಒಂದು ಹಾಳೆಯ ಮೇಲೆ ಇಟ್ಟು ತೋರಿಸಿರೆಂದು ಹೇಳುವ ಉಪಾಧ್ಯಾಯರಿದ್ದಾರೆ. ಆ ಕೆಲಸಕ್ಕೆ ಒಂದು ಗಂಟೆಯೂ ಬೇಡ.