ಹರಟೆಮಲ್ಲನೂ ಅಕ್ಕಲಕೋಟದ ಮಕ್ಕಳೂ

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದರೆ ಅಕ್ಕಲಕೋಟ ಕಾಣುವುದಿಲ್ಲ. ಊರು ಅಲ್ಲಿಂದ ಹತ್ತು ಕಿಲೋಮೀಟರಿಗೂ ಆಚೆ. ಮುಂಬಯಿಯಿಂದ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರು ಗೊಣಗಿಕೊಳ್ಳಲಿ, ನಮ್ಮಂಥ ಹರಟೆಕೋರರಿಗೆ ಆ ದಾರಿಯೇ ಬೇಕು. ನೆಟ್ಟಗೆ ವಿಷಯಕ್ಕೆ ಬರುವವರು ಭಾಷಣ ಮಾಡಲಿ.

ಈ ಸುತ್ತುದಾರಿಯ ರುಚಿ ಬಲ್ಲವರು ಮಕ್ಕಳ ಸಾಹಿತಿ ಪಂಜೆ ಮಂಗೇಶರಾಯರು. ಪದ್ಯಕ್ಕೆ ‘ಕವಿಶಿಷ್ಯ’ ಎಂದು ಸಹಿ ಹಾಕಿದವರೇ ‘ಹರಟೆಮಲ್ಲ’ ಎಂಬ ಹೆಸರನ್ನೂ ಇಟ್ಟುಕೊಂಡಿದ್ದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಾಸ್ತರಿಕೆ ಮಾಡಿ, ಶಾಲೆಗಳ ಇನ್ಸ್‌ಪೆಕ್ಟರೂ ಆದರು. ಇನ್ಸ್‌ಪೆಕ್ಟರ್ ಬಂದರೆಂದರೆ ಹುಡುಗರಿಗಿಂತ ಮೊದಲು ಮಾಸ್ತರರು ಬೆವರುತ್ತಾರೆ. ಅಂಥ ಹುದ್ದೆಯಲ್ಲಿದ್ದ ಮನುಷ್ಯ ಮಕ್ಕಳ ಮುಂದೆ ಬುದ್ಧಿವಾದದ ಗಂಟು ಬಿಚ್ಚದೆ ಕೋಳಿ, ಹಾವುಗಳನ್ನು ಕುಣಿಸಿದ್ದು ಸಣ್ಣ ಮಾತಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರಲ್ಲಿ ಅವರೇ ಮುಂದಾಳು. ನನ್ನ ಲೆಕ್ಕದಲ್ಲಿ ಹರಟೆ ಬಾರದವನು ಮಕ್ಕಳಿಗೆ ಬರೆಯಲಾರ. ಅವನ ಕತೆ ಮುಗಿಯುವ ಮೊದಲೇ ನೀತಿ ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕತೆಯನ್ನು ಮೊಮ್ಮಗಳಿಗೆ ಹೇಳಿದೆ. ಸಮುದ್ರ ನೋಡದ ಹುಡುಗಿ; ಮನೆಯಲ್ಲೋ ಸಿಗಡಿಯ ವಾಸನೆಯೂ ಇಲ್ಲ. ಆದರೂ ಪ್ರಶ್ನೆಗೆ ಪ್ರಶ್ನೆ ಕೊಂಡಿ ಹಾಕಿಕೊಳ್ಳುತ್ತಾ ಹೋದಂತೆ “ಅಜ್ಜಾ, ಮುಂದ?” ಎಂದು ಕೂತೇ ಬಿಟ್ಟಳು. ಕಡಲ ಸರಕು ಜೋಳದ ಸೀಮೆಯಲ್ಲೂ ಖರ್ಚಾಯಿತು.

ಪಂಜೆಯವರಿಗೂ ನಮಗೂ ಇನ್ನೊಂದು ನೆಂಟಸ್ತಿಕೆಯೂ ಉಂಟು. ಅವರ ಮನೆಮಾತು ಕೊಂಕಣಿ, ಸುತ್ತ ತುಳು, ಬರೆದದ್ದು ಕನ್ನಡ. ನಮ್ಮ ಅಕ್ಕಲಕೋಟದ ಹುಡುಗರಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಕನ್ನಡ ಸಾಲಿಗೆ ಹೋದರೆ ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ. ಎರಡು ಮೂರು ಭಾಷೆಯ ನಡುವೆ ಬೆಳೆದವನಿಗೆ ಕನ್ನಡ ಅರ್ಧಂಬರ್ಧ ಎನ್ನುವವರು ಪಂಜೆಯವರನ್ನು ಓದಿಲ್ಲ, ಅಷ್ಟೇ.

ದೊಡ್ಡವರ ಸಾಹಿತ್ಯಕ್ಕೆ ನಮ್ಮ ಜಿಲ್ಲಾಸ್ಥಳ ಸೊಲ್ಲಾಪುರದಲ್ಲಿ ಬರವಿಲ್ಲ. ಬೇಂದ್ರೆಯವರು ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳಿದರು, ಕವಯಿತ್ರಿ ಜಯದೇವಿತಾಯಿ ಲಿಗಾಡೆ ಆ ಊರ ಮಗಳು, 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೂ ಅಲ್ಲಿ ಆಯಿತು. ಮಕ್ಕಳ ಪಾಲಿಗೆ ಮಾತ್ರ ನಾವು ಕೈ ಬಿಗಿ ಹಿಡಿದೆವು. ಅಂಗಳದಾಗ ಹರವಿದ ಶೇಂಗಾ ಯಾಕ ಒಣಗಲಿಲ್ಲ ಅಂತ ನಮ್ಮ ಮಾತಿನಾಗ ಒಂದು ಕತೆ ಯಾರಾದರೂ ಬರೀರಿ. ಕಡೀಕ ನೀತಿ ಮಾತ್ರ ಬ್ಯಾಡ್ರೆಪ್ಪಾ.