ಅಬಲೂರಿನ ಜಯಪತ್ರ, ಕಂಠೀರವದ ಕೊನೆಯ ಗಳಿಗೆ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಅಬಲೂರು ಹೊರನೋಟಕ್ಕೆ ಆ ಸೀಮೆಯ ಯಾವುದೇ ಹಳ್ಳಿಯಂತೆಯೇ ಕಾಣುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಊರ ಸುತ್ತ ಗೋವಿನಜೋಳದ ಹಸಿರು. ತ್ರಿಪದಿಯ ಸರ್ವಜ್ಞನ ತಾಯಿಯ ಊರು ಇದೇ ಎಂಬ ಪ್ರತೀತಿ ಉಂಟು. ಆದರೆ ಇತಿಹಾಸದ ವಿದ್ಯಾರ್ಥಿಗಳು ಈ ಊರನ್ನು ಹುಡುಕಿಕೊಂಡು ಬರುವುದು ಸೋಮೇಶ್ವರ ಗುಡಿಗಾಗಿ. ಅಲ್ಲಿ ಒಂದು ಪಂದ್ಯದ ವರದಿ ಕಲ್ಲಿನ ಮೇಲೆ ಉಳಿದಿದೆ. ಬರೆದು ಎಂಟುನೂರು ವರ್ಷಗಳಾದವು.

ಕ್ರಿ.ಶ. 1200ರ ಆಸುಪಾಸಿನದೆಂದು ಹೇಳಲಾಗುವ ಈ ಶಾಸನವನ್ನು ಓದಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಆಳಂದೆಯಿಂದ ಬಂದ ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಊರ ಪ್ರಮುಖ ಸಂಕಗೌಂಡನ ಮುಂದಾಳತ್ವದ ಜೈನರಿಗೂ ವಾದ ಬೆಳೆದು, ಮಾತು ಪಣಕ್ಕೆ ತಿರುಗಿತು. ರಾಮಯ್ಯ ತನ್ನ ತಲೆಯನ್ನು ಕಡಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯಬೇಕು. ಪಡೆದರೆ ಎದುರಾಳಿಗಳು ತಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಾಪಿಸಬೇಕು. ರಾಮಯ್ಯ ಬುದ್ಧಿವಂತ, ಬಾಯಿಮಾತನ್ನು ನಂಬಲಿಲ್ಲ. ಪಣವನ್ನು ಓಲೆಯ ಮೇಲೆ ಬರೆಸಿಕೊಂಡ. ಏಳು ದಿನಗಳ ಮೇಲೆ ತಲೆ ಕಲೆಯಿಲ್ಲದಂತೆ ಕೂಡಿಕೊಂಡಿತೆಂದು ಶಾಸನ ಹೇಳುತ್ತದೆ.

ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಇದು ಗೆದ್ದವರ ಕಡೆಯ ಬರಹ, ಸೋತವರ ಮಾತು ಈ ಕಲ್ಲಿನಲ್ಲಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಕುತೂಹಲ ಇರುವುದು ಮುಂದಿನ ಭಾಗದಲ್ಲಿ. ಗೆದ್ದರೂ ಗೆಲುವು ಕೈಗೆ ಬರಲಿಲ್ಲ. ಎದುರಾಳಿಗಳು ಒಪ್ಪಲಿಲ್ಲ, ರಾಮಯ್ಯ ಬಿಂಬವನ್ನು ಒಡೆದ, ದೂರು ಕಳಚುರಿ ಬಿಜ್ಜಳನ ಆಸ್ಥಾನಕ್ಕೆ ಹೋಯಿತು. ಅಲ್ಲಿ ರಾಮಯ್ಯ ಓಲೆಯನ್ನು ತೋರಿಸಿದ. ಅಷ್ಟಕ್ಕೇ ನಿಲ್ಲದೆ, ಬೇಕಾದರೆ ಇನ್ನೊಮ್ಮೆ ತಲೆ ಕಡಿದುಕೊಳ್ಳುತ್ತೇನೆ, ಈ ಸಲ ನಿಮ್ಮ ಏಳುನೂರು ಬಸದಿಗಳನ್ನು ಪಣವಾಗಿ ಒಡ್ಡಿ ಎಂದ. ಎದುರಾಳಿಗಳು ಹಿಂದೆ ಸರಿದರು. ಆಗಲೇ ಬಿಜ್ಜಳ ಅವನಿಗೆ ಜಯಪತ್ರ ಬರೆದುಕೊಟ್ಟದ್ದು, ಗುಡಿಗೆ ಒಂದು ಊರನ್ನು ದತ್ತಿ ಬಿಟ್ಟದ್ದು. ಗುಡಿಯಲ್ಲಿ ಈ ಕಥೆಯ ದೃಶ್ಯಗಳನ್ನು ಕೆತ್ತಿದ ಶಿಲ್ಪಗಳೂ, ಅವುಗಳಿಗೆ ಸಣ್ಣ ಸಣ್ಣ ಬರಹಗಳೂ ಇವೆ. ಇಂದಿನ ಪತ್ರಿಕೆಯ ಚಿತ್ರಶೀರ್ಷಿಕೆಗಳಿದ್ದಂತೆ!

ಮುಂದಿದ್ದವನು ಮುಂದಿರುವುದನ್ನೇ ಕಾಯುತ್ತ ಕೂರದೆ ಮತ್ತೆ ಪಣಕ್ಕೆ ನಿಂತ. ಈ ಒಂದು ಸಂಗತಿ ಕ್ರೀಡಾಭಿಮಾನಿಗಳಿಗೆ ಬೇರೊಂದನ್ನು ನೆನಪಿಸದೆ ಇರದು. ಅಬಲೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ರಾಜಧಾನಿಯಲ್ಲಿ ಕನ್ನಡನಾಡಿನ ಫುಟ್‌ಬಾಲ್ ತಂಡವೊಂದು ಮುನ್ನಡೆ ಪಡೆದು ಪಡೆದೇ ಸೋತ ಕಥೆ ಅದು. ಫೋನಿನಲ್ಲಿ ಆಟ ನೋಡುವ ಹುಡುಗರಿರುವ ಮನೆಗಳಲ್ಲಿ, ಈ ಸೀಮೆಯಲ್ಲೂ, ಹಿರಿಯರ ಪ್ರಶ್ನೆ ಒಂದೇ: ‘ಆಗಳೆ ಗೆದ್ರು ಅಂದಿ, ಈಗ ಸೋತ್ರು ಅಂತೀಯಲ್ಲೋ ತಮ್ಮಾ, ಹೆಂಗ?’

ಹೇಗೆ ಎಂಬುದನ್ನು ಹಳ್ಳಿಯ ಹಿರಿಯರಿಗೆ ಕಬಡ್ಡಿಯಿಂದ ಶುರುಮಾಡಿ ಹೇಳುವುದು ಸುಲಭ. ನಾಲ್ಕು ಅಂಕ ಮುಂದಿರುವ ತಂಡದ ಆಟಗಾರ ಎದುರಾಳಿ ಅಂಕಣಕ್ಕೆ ಹೋಗಿ, ಯಾರನ್ನೂ ಮುಟ್ಟದೆ, ಗೆರೆ ಮುಟ್ಟಿ ಬಂದುಬಿಟ್ಟರೆ ಗಡಿಯಾರ ಓಡುತ್ತದೆ, ಅಂಕ ಉಳಿಯುತ್ತದೆ. ಜಾಣತನವೇ, ಆದರೆ ನೋಡುವವರಿಗೆ ಬೇಸರ. ಅದಕ್ಕೆಂದೇ ಪ್ರೊ ಕಬಡ್ಡಿಯಲ್ಲಿ ಒಂದು ನಿಯಮ ಮಾಡಿದರು. ಸತತ ಎರಡು ದಾಳಿ ಖಾಲಿಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ದಾಳಿಗಾರನೇ ಔಟ್. ಮುನ್ನಡೆಯ ಮೇಲೆ ಕೂತವನನ್ನು ನಿಯಮವೇ ಎಬ್ಬಿಸುತ್ತದೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ವಿರಾಮದ ವೇಳೆಗೆ ಗುಜರಾತ್ 16-9ರಿಂದ ಮುಂದಿತ್ತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಬೆಂಗಳೂರು ಬುಲ್ಸ್ 38-33ರಿಂದ ಕಪ್ ಎತ್ತಿತು. ಆ ರಾತ್ರಿ ಮುನ್ನಡೆ ಕಳೆದುಕೊಂಡ ಸಂಕಟ ಗುಜರಾತಿನವರದು. ಫುಟ್‌ಬಾಲ್‌ನಲ್ಲಿ ಆ ಸಂಕಟ ಬೆಂಗಳೂರಿನವರಿಗೇ ಬಂತು, ಒಂದಲ್ಲ ಮೂರು ಫೈನಲ್‌ಗಳಲ್ಲಿ.

ಅದರಲ್ಲಿ ಮೊದಲನೆಯದು ನಡೆದದ್ದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಕಬ್ಬನ್ ಪಾರ್ಕಿನ ಮಗ್ಗುಲಲ್ಲಿರುವ ಈ ಅಂಗಣ ಒಂದು ಕಾಲದ ಸಂಪಂಗಿ ಕೆರೆಯ ಅಂಗಳ. ಕೆರೆ ಹೋಯಿತು, ಕರಗದ ಆಚರಣೆಗೆಂದು ಒಂದು ಪುಟ್ಟ ಕೊಳ ಉಳಿಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಈಗಿನ ಕ್ರೀಡಾಂಗಣ ಎದ್ದುನಿಂತಿತು. ಅದು ಮೂಲತಃ ಓಟಗಾರರದು. ಹುಲ್ಲಿನ ಸುತ್ತ ಓಟದ ಪಥವಿರುವುದರಿಂದ ಪ್ರೇಕ್ಷಕನಿಗೂ ಚೆಂಡಿಗೂ ನಡುವೆ ಕೊಂಚ ದೂರ. ಆದರೂ 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿ ಇಲ್ಲಿಗೆ ಬಂದ ಮೇಲೆ ಪಶ್ಚಿಮದ ಗ್ಯಾಲರಿ ನೀಲಿಯಾಯಿತು. ಅಲ್ಲಿ ತೊಂಬತ್ತು ನಿಮಿಷವೂ ಹಾಡು, ತಮಟೆ.

2018ರ ಮಾರ್ಚ್ 17. ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ವರ್ಷವೇ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದಿದ್ದ ತಂಡಕ್ಕೆ ತವರಿನಲ್ಲೇ ಫೈನಲ್. ಎದುರಾಳಿ ಚೆನ್ನೈಯಿನ್. ಒಂಬತ್ತನೇ ನಿಮಿಷ, ಬಲಗಡೆಯಿಂದ ಉದಾಂತ ಸಿಂಗ್ ಕಳಿಸಿದ ಚೆಂಡಿಗೆ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆಯೊಡ್ಡಿದರು. ಕಂಠೀರವ ಎದ್ದು ಕುಣಿಯಿತು. ಎಂಟೇ ನಿಮಿಷ. ಕಾರ್ನರ್‌ನಿಂದ ಬಂದ ಚೆಂಡನ್ನು ಮೈಲ್ಸನ್ ಆಲ್ವೆಸ್ ತಲೆಯಿಂದ ಒಳಗೆ ಹಾಕಿದರು. ವಿರಾಮಕ್ಕೆ ಮುನ್ನ ಮತ್ತೊಂದು ಕಾರ್ನರ್, ಮತ್ತದೇ ತಲೆ! 67ನೇ ನಿಮಿಷದಲ್ಲಿ ರಫಾಯೆಲ್ ಆಗಸ್ಟೊ ಮೂರನೆಯದನ್ನು ಹೊಡೆದರು. ಕೊನೆಯಲ್ಲಿ ಮಿಕು ಒಂದು ಗೋಲು ತೀರಿಸಿದರೂ 2-3. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎರಡನೆಯದು 2023ರ ಮಾರ್ಚ್ 18ರಂದು ಗೋವಾದ ಫಾತೋರ್ಡಾದಲ್ಲಿ. ಆಗ ಎಟಿಕೆ ಮೋಹನ್ ಬಾಗಾನ್ ಎಂಬ ಹೆಸರಿದ್ದ ಕೋಲ್ಕತ್ತದ ತಂಡ ಎದುರಿಗೆ. ಒಂದೊಂದು ಪೆನಾಲ್ಟಿ ಗೋಲಿನಿಂದ ಸಮಬಲವಾಗಿದ್ದಾಗ, 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಬೆಂಗಳೂರಿಗೆ ಮುನ್ನಡೆ ತಂದುಕೊಟ್ಟರು. ಇನ್ನು ಹನ್ನೆರಡು ನಿಮಿಷ ತಡೆದಿದ್ದರೆ ಸಾಕಿತ್ತು. 85ರಲ್ಲಿ ಮತ್ತೊಂದು ಪೆನಾಲ್ಟಿ, ದಿಮಿತ್ರಿ ಪೆಟ್ರಾಟೊಸ್ ತಪ್ಪಲಿಲ್ಲ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ 3-4ರ ಸೋಲು. ಮೂರನೆಯದು 2025ರ ಏಪ್ರಿಲ್ 12ರಂದು, ಅದೇ ಮೋಹನ್ ಬಾಗಾನ್, ಈ ಸಲ ಅವರದೇ ಸಾಲ್ಟ್ ಲೇಕ್ ಅಂಗಣ. ವಿರಾಮವಾದ ಕೆಲವೇ ನಿಮಿಷಕ್ಕೆ ಎದುರಾಳಿಗಳ ಸ್ವಂತ ಗೋಲಿನಿಂದ ಬೆಂಗಳೂರಿಗೆ ಮುನ್ನಡೆ. 72ನೇ ನಿಮಿಷದಲ್ಲಿ ತಮ್ಮದೇ ಆವರಣದೊಳಗೆ ಚೆಂಡು ಕೈಗೆ ತಗುಲಿ ಪೆನಾಲ್ಟಿ. ಜೇಸನ್ ಕಮಿಂಗ್ಸ್ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಜೇಮಿ ಮ್ಯಾಕ್ಲಾರೆನ್ ಮುಗಿಸಿದರು.

ಮೂರೂ ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ಮುನ್ನಡೆಯನ್ನು ಅಳಿಸಿದ ಗೋಲುಗಳು ಯಾವುವು? ಒಂದು ಕಾರ್ನರ್, ಎರಡು ಪೆನಾಲ್ಟಿ. ಆಟದ ಓಟದಲ್ಲಿ, ನಾಲ್ಕು ಜನರನ್ನು ದಾಟಿ ಬಂದು ಹೊಡೆದ ಗೋಲು ಒಂದೂ ಇಲ್ಲ. ಕಾರ್ನರ್ ಆಗಲಿ ಪೆನಾಲ್ಟಿ ಆಗಲಿ ಸಿಗುವುದು ಚೆಂಡು ಗೋಲಿನ ಬಳಿಯೇ ಸುಳಿದಾಡುತ್ತಿರುವಾಗ. ಮುಂದಿರುವ ತಂಡ ತನಗರಿವಿಲ್ಲದೆ ಹತ್ತು ಹೆಜ್ಜೆ ಹಿಂದೆ ಸರಿಯುತ್ತದೆ. ರಕ್ಷಣೆಯವರು ಹಿಂದೆ ಬಂದರು ಎಂದು ನಡುವಿನವರೂ ಹಿಂದೆ, ನಡುವಿನವರು ಹೋದರು ಎಂದು ಮುಂದಿನವನು ಒಂಟಿ. ಹಿಂದಿನಿಂದ ಒದ್ದ ಚೆಂಡನ್ನು ಮುಂದೆ ಹಿಡಿದು ನಿಲ್ಲಿಸುವವರಿಲ್ಲ. ಗೋಡೆಗೆ ಎಸೆದಂತೆ ಅದು ಮರಳಿ ಬರುತ್ತದೆ. ಪ್ರತಿ ಸಲವೂ ಬರುವುದು ಗೋಲಿನ ಇನ್ನಷ್ಟು ಹತ್ತಿರಕ್ಕೆ. ಅಲ್ಲಿ ಒಂದು ಎಡವಿದ ಕಾಲು, ಒಂದು ಚಾಚಿದ ಕೈ ಸಾಕು. ಇದು ಹೇಡಿತನವಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಕಾಲು ಮುಂದಕ್ಕೂ, ಇರುವವನ ಕಾಲು ಹಿಂದಕ್ಕೂ ಹೋಗುವುದು ಸ್ವಾಭಾವಿಕ. (2018ರ ಪಂದ್ಯಕ್ಕೆ ಈ ಮಾತು ಪೂರ್ತಿ ಒಪ್ಪುವುದಿಲ್ಲ ಎನ್ನಬೇಕು, ಹದಿನೇಳನೇ ನಿಮಿಷಕ್ಕೆ ಯಾರೂ ಗಡಿಯಾರ ನೋಡುವುದಿಲ್ಲ. ಅಲ್ಲಿ ಕಾರ್ನರ್ ಕಾಯುವಲ್ಲೇ ಎಡವಿದ್ದು.)

ಇದರ ಜೊತೆಗೆ ಆಟದ ನಿಯಮಗಳೂ ಕಾಯುವವನ ಕಡೆಗಿಲ್ಲ. 1990ರ ವಿಶ್ವಕಪ್‌ನಲ್ಲಿ ಚೆಂಡನ್ನು ಮತ್ತೆ ಮತ್ತೆ ಗೋಲಿಗೆ ಹಿಂದಿರುಗಿಸಿ ಹೊತ್ತು ಕಳೆಯುವ ಆಟ ನೋಡಿ ಜನ ರೋಸಿಹೋದರು. 1992ರಿಂದ ಸಂಗಡಿಗರು ಕಾಲಿನಿಂದ ಬೇಕೆಂದೇ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯುವಂತಿಲ್ಲ ಎಂದಾಯಿತು. 2022ರ ಕತಾರ್ ವಿಶ್ವಕಪ್‌ನಲ್ಲಿ ಪೋಲಾದ ಸಮಯವನ್ನೆಲ್ಲ ಲೆಕ್ಕ ಹಿಡಿದು ಕೊನೆಗೆ ಸೇರಿಸತೊಡಗಿದರು. 2025ರಲ್ಲಿ ಇನ್ನೊಂದು ನಿಯಮ ಬಂತು: ಗೋಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಮೇಲಾಗಿ 2020ರಿಂದ ಐವರು ಬದಲಿ ಆಟಗಾರರನ್ನು ಇಳಿಸಬಹುದು. ಎಪ್ಪತ್ತು ನಿಮಿಷ ಓಡಿ ದಣಿದ ರಕ್ಷಕನ ಎದುರಿಗೆ ಆಗಷ್ಟೇ ಬೂಟಿನ ದಾರ ಬಿಗಿದುಕೊಂಡ ಹೊಸ ಕಾಲುಗಳು ಬಂದು ನಿಲ್ಲುತ್ತವೆ.

ಹಾಗೆಂದು ಇದು ಇಂದಿನ ಹುಡುಗರಿಗೆ ಮಾತ್ರ ಅಂಟಿದ ರೋಗವೇನಲ್ಲ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫೋರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ ನಡೆಯಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಎಪ್ಪತ್ತನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾದವು. 89ನೇ ನಿಮಿಷದಲ್ಲಿ ಫ್ರಾನ್ಸ್ ಗೆಲುವಿನ ಗೋಲು ಹೊಡೆಯಿತು. 1956ರ ಮೆಲ್ಬರ್ನ್ ಸೆಮಿಫೈನಲ್‌ನಲ್ಲಿ ನೆವಿಲ್ ಡಿಸೋಜಾ 52ನೇ ನಿಮಿಷದಲ್ಲಿ ಯುಗೊಸ್ಲಾವಿಯದ ಮೇಲೆ ಗೋಲು ಹೊಡೆದರು. ಆ ಮುನ್ನಡೆಗೆ ಎರಡೇ ನಿಮಿಷದ ಆಯುಷ್ಯ, ಕೊನೆಗೆ 1-4. 1960ರಲ್ಲಿ ರೋಮ್‌ನಲ್ಲಿ ಮತ್ತೆ ಫ್ರಾನ್ಸ್. ಪಿ.ಕೆ. ಬ್ಯಾನರ್ಜಿ ಭಾರತವನ್ನು ಮುಂದಿಟ್ಟರು, 82ನೇ ನಿಮಿಷದಲ್ಲಿ ಫ್ರಾನ್ಸ್ ಸಮ ಮಾಡಿತು. ಈ ಎರಡೂ ಒಲಿಂಪಿಕ್ಸ್‌ಗಳ ತಂಡದಲ್ಲಿ ನಮ್ಮ ನಾಡಿನ ಕೆಂಪಯ್ಯ ಇದ್ದರು. ಎಂಟು ನಿಮಿಷದ ಅಂತರದಲ್ಲಿ ಕಳೆದುಹೋದ ಆ ಗೆಲುವನ್ನು ಹಳೆಯ ಫುಟ್‌ಬಾಲ್ ಪ್ರಿಯರು ಬಹುಕಾಲ ಮರೆಯಲಿಲ್ಲ.

ಮತ್ತೆ ಕಂಠೀರವಕ್ಕೆ ಬಂದರೆ, 2025ರ ಜನವರಿ ಅಲ್ಲಿಯ ಅಭಿಮಾನಿಗಳ ಪಾಲಿಗೆ ಕೆಟ್ಟ ತಿಂಗಳು. ಜಮ್ಶೆಡ್‌ಪುರದಲ್ಲಿ ಮುಂದಿದ್ದ ತಂಡ 84ನೇ ನಿಮಿಷದಿಂದೀಚೆಗೆ ಎರಡು ಗೋಲು ಬಿಟ್ಟುಕೊಟ್ಟು ಸೋತು ಬಂತು. ತವರಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ 88ನೇ ನಿಮಿಷದ ಫ್ರೀಕಿಕ್‌ನಿಂದ ಗೆದ್ದಿತು. ಆಮೇಲೆ ಒಡಿಶಾ ವಿರುದ್ಧ ಕಾಲು ಗಂಟೆಯೊಳಗೆ ಎರಡು ಗೋಲು ಹೊಡೆದೂ 2-3ರ ಸೋಲು. ಪಶ್ಚಿಮದ ಗ್ಯಾಲರಿಯಲ್ಲಿ ಹಾಡು ನಿಲ್ಲಲಿಲ್ಲ. ಆದರೆ ಎಂಬತ್ತನೇ ನಿಮಿಷದ ನಂತರ ದನಿಯಲ್ಲಿ ಅಳುಕು ಸೇರಿದ್ದರೆ ಅಚ್ಚರಿಯಿಲ್ಲ.

ಅಂಥ ತಂಡವೇ ಏಪ್ರಿಲ್ 6ರಂದು ಫಾತೋರ್ಡಾದಲ್ಲಿ ಎಫ್‌ಸಿ ಗೋವಾ ವಿರುದ್ಧ ಸೆಮಿಫೈನಲ್‌ನ ಎರಡನೇ ಚರಣ ಆಡಿತು. ಮೊದಲ ಚರಣದ 2-0 ಮುನ್ನಡೆ ಕೈಯಲ್ಲಿತ್ತು. ಮತ್ತದೇ ಹಾಡು: ವಿರಾಮದ ಬೆನ್ನಿಗೆ ಒಂದು, 88ನೇ ನಿಮಿಷದಲ್ಲಿ ಇನ್ನೊಂದು, ಎರಡು ಗೋಲಿನ ಗಂಟು ಪೂರ್ತಿ ಕರಗಿತು. ಇನ್ನು ಕಾಯಲು ಏನೂ ಉಳಿದಿರಲಿಲ್ಲ. ತಂಡ ಮುಂದಕ್ಕೆ ನುಗ್ಗಿತು. ಹೆಚ್ಚುವರಿ ಎರಡನೇ ನಿಮಿಷ, ಬದಿಯಿಂದ ಬಂದ ಚೆಂಡು, ನಲವತ್ತು ವರ್ಷದ ಚೆಟ್ರಿಯ ತಲೆ, ಗೋಲು. ಅದೇ ಗೋಲಿನಿಂದ ಬೆಂಗಳೂರು ಫೈನಲ್ ತಲುಪಿತು. ಆರು ವರ್ಷದ ಹಿಂದೆ, 2019ರ ಮಾರ್ಚ್‌ನಲ್ಲಿ ಈ ತಂಡ ಕಪ್ ಗೆದ್ದದ್ದೂ ಹೀಗೆಯೇ: ಗೋವಾದ ವಿರುದ್ಧವೇ, 117ನೇ ನಿಮಿಷದಲ್ಲಿ, ಒಂದು ಕಾರ್ನರ್‌ಗೆ ರಾಹುಲ್ ಭೆಕೆ ತಲೆಯೊಡ್ಡಿದಾಗ. ಆ ಪಂದ್ಯದಲ್ಲಿ ಅದಕ್ಕೆ ಮುಂಚೆ ಕಾಯಬೇಕಾದ ಮುನ್ನಡೆಯೇ ಇರಲಿಲ್ಲ.

ಕ್ರೀಡಾಭಿಮಾನಿ ಮಕ್ಕಳನ್ನು ರಜೆಯಲ್ಲಿ ಎಲ್ಲಾದರೂ ಕರೆದೊಯ್ಯಬೇಕೆಂದಿರುವ ಪಾಲಕರು ಅಬಲೂರನ್ನೂ ನೋಡಿಸಬಹುದು. ಬೆಂಗಳೂರು–ಹುಬ್ಬಳ್ಳಿ ರೈಲಿನಲ್ಲಿ ಬರುವವರು ರಾಣೆಬೆನ್ನೂರು ಇಲ್ಲವೆ ಹಾವೇರಿಯಲ್ಲಿ ಇಳಿದು, ಬಸ್ಸಿನಲ್ಲಿ ಹಿರೇಕೆರೂರಿಗೆ ಬಂದು, ಅಲ್ಲಿಂದ ಊರು ಸೇರಬೇಕು. ಸೋಮೇಶ್ವರನ ಗುಡಿಯಲ್ಲಿ ಹಳಗನ್ನಡದ ಅಕ್ಷರ ತಿಳಿಯದಿದ್ದರೂ ಶಿಲ್ಪಗಳ ಸಾಲು ಅರ್ಥವಾಗುತ್ತದೆ. ರಾಮಯ್ಯ ಓಲೆ ಹಿಡಿದು ಬಿಜ್ಜಳನ ಬಳಿಗೆ ಹೋದ ಪ್ರಸಂಗವೂ ಅಲ್ಲಿದೆ. ತಲೆ ಮರಳಿ ಬಂದಾದ ಮೇಲಿನ ಪ್ರಸಂಗ ಅದು. ಜಯಪತ್ರ ಇನ್ನೂ ಕೈಸೇರಿರಲಿಲ್ಲ.