ನೇರಳೆ ತಿಂದ ನಾಲಿಗೆಯ ಬಣ್ಣ

ತುಂಬಾ ದಿನ ಆಯ್ತು ಏನೂ ಬರೆಯದೆ. ಕಾರಣ ಇದೆ. ಊರಲ್ಲಿ ಮನೆಗೆ ಬಣ್ಣ ಹೊಡೆಸ್ತಾ ಇದ್ವಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಣ್ಣ ಬಳಿಸಿ ನೋಡು ಅನ್ನೋದನ್ನ ಯಾಕೆ ಬಿಟ್ಟರೋ! :-)

ನಮ್ಮೂರು ಹದಿನಾರು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಬರುತ್ತೆ. ಹಕ್ಕಿ ನೋಡೋ ಹುಚ್ಚಿರುವವರಿಗೆ ನಮ್ಮೂರ ಕೆರೆ ಗೊತ್ತಿರುತ್ತೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ಅದು. ನಮ್ಮನೆ ಹಳೇದು. ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ಬಾಗಿಲು, ಚಿಕ್ಕ ಚಿಕ್ಕ ಕಿಟಕಿ. ಅಪ್ಪ ಇರೋ ತನಕ ಗೋಡೆಗೆ ಸುಣ್ಣವೇ. ಬಕೆಟ್ಟಿಗೆ ಒಂದು ಚಿಟಿಕೆ ನೀಲಿ, ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣು. ಅಪ್ಪ ತೀರಿಹೋದ ಮೇಲೆ ಎರಡು ವರ್ಷ ಗೋಡೆ ಕಡೆ ಯಾರೂ ನೋಡಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ "ಅವ್ವಾ, ನಿನ್ ಕೋಣೆಗೆ ಯಾವ ಬಣ್ಣ?" ಅಂತ ಕೇಳಿದೆ. ಕೆನೆ ಬಣ್ಣವೋ ಇನ್ನೇನೋ ಹೇಳ್ತಾಳೆ ಅಂದ್ಕೊಂಡಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೇರಳೆ ಹಣ್ ತಿಂದ್ಮೇಲೆ ನಾಲ್ಗೆ ಇರ್ತದಲ್ಲ, ಆ ಬಣ್ಣ" ಅಂದಳು.

ನಂಜನಗೂಡಿನ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಡಿಸಿ ಇದನ್ನೇ ಹೇಳಿದ್ವಿ. ಅಂಗಡಿಯವರು ಥಟ್ಟನೆ "ಓ, ಡೀಪ್ ಮಾವ್!" ಅಂದ್ರು. "ಯಾವ ಮಾವ?" ಅಂತ ಅವ್ವ. ಅಂಗಡಿ ತುಂಬಾ ನಗು. ಆದರೆ ಕಾರ್ಡಿನಲ್ಲಿ ಅವರು ಬೆರಳಿಟ್ಟ ಬಣ್ಣ ಅವ್ವ ಹೇಳಿದ್ದೇ. ಬದನೆಕಾಯಿಯಷ್ಟು ಕಪ್ಪಲ್ಲ, ಕನಕಾಂಬರದ ಪಕ್ಕ ಮುಡಿಯೋ ಗೋರಂಟಿ ಹೂವಿನಷ್ಟು ತಿಳಿಯೂ ಅಲ್ಲ. ನೇರಳೆಗೆ ಒಂದಿಷ್ಟು ಕೆಂಪು, ಒಂದಿಷ್ಟು ಬೂದಿ ಬೆರೆಸಿದ ಹಾಗೆ.

ತಕರಾರು ಶುರುವಾಗಿದ್ದು ಮನೆಗೆ ಬಂದ ಮೇಲೆ. ಕಾರ್ಡ್ ನೋಡಿ ದೊಡ್ಡವ್ವ "ಗಂಡ ಸತ್ತೋಳ ಕೋಣೆಗೆ ಇಂಥ ಬಣ್ಣವಾ? ನೋಡ್ದೋರು ಏನಂದಾರು?" ಅಂದ್ರು. ಅವ್ವ ಅಪ್ಪ ಹೋದ ಮೇಲೆ ಉಟ್ಟಿದ್ದೆಲ್ಲ ಮಾಸಲು ಸೀರೆಗಳೇ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ನಾನು ಜಗಳಕ್ಕೆ ಬಾಯಿ ತೆಗೆಯೋ ಮುಂಚೆ ಅವ್ವನೇ ಹೇಳಿದಳು: "ನಲ್ವತ್ತು ವರ್ಸ ಆಯ್ತು ಅಕ್ಕಯ್ಯ ನಾನೀ ಮನೆಗೆ ಬಂದು. ಯಾವ ಬಣ್ಣ ಅಂತ ನನ್ನ ಕೇಳಿದ್ದು ಇದೇ ಮೊದ್ಲು." ದೊಡ್ಡವ್ವ ಎಲೆ ಅಡಿಕೆ ಚೀಲ ತಗೊಂಡು ಜಗಲಿಗೆ ಹೋದ್ರು.

ಆವತ್ತು ರಾತ್ರಿ ಈ ಮಾವ್ ಬಗ್ಗೆ ಹುಡುಕಿ ಓದಿದೆ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಅನ್ನೋ 18 ವರ್ಷದ ಹುಡುಗ, ಮಲೇರಿಯಾಗೆ ಕೊಡುವ ಕ್ವಿನೈನ್ ತಯಾರಿಸೋಕೆ ಹೋಗಿದ್ದ. ಕ್ವಿನೈನ್ ಆಗಲಿಲ್ಲ, ಪಾತ್ರೆಯ ತಳದಲ್ಲಿ ಕಪ್ಪು ಗಸಿ ಉಳೀತು. ಅದರಿಂದ ಬಂದಿದ್ದು ಈ ಬಣ್ಣ. ಕಲ್ಲಿದ್ದಲಿನ ಟಾರಿನಿಂದ ಬಂದ ಆ ಬಣ್ಣದಿಂದಲೇ ಕೃತಕ ಬಣ್ಣಗಳ ಉದ್ಯಮ ಶುರುವಾಯ್ತು. ಮಾವ್ ಅಂದರೆ ಫ್ರೆಂಚಿನಲ್ಲಿ ಒಂದು ಹೂವಿನ ಹೆಸರು, ನಮ್ಮ ದಾಸವಾಳ, ಬೆಂಡೆ, ಹತ್ತಿಯ ಬಳಗದ್ದು. 1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಇದೇ ಬಣ್ಣ ಉಟ್ಟಳಂತೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಆ ಕಾಲದ ಇಂಗ್ಲೆಂಡಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಮೊದಲು ಪೂರ್ತಿ ಕಪ್ಪು ಉಡಬೇಕಿತ್ತು. ಸೂತಕದ ಕೊನೆಯ ಹಂತದಲ್ಲಿ ಬೂದು, ಮಾವ್ ಇಂಥವಕ್ಕೆ ಅನುಮತಿ. ಕಪ್ಪಿನಿಂದ ಬಣ್ಣಗಳ ಕಡೆಗೆ ವಾಪಸ್ ಬರುವಾಗ ಮೊದಲು ಸಿಗೋ ಮೆಟ್ಟಿಲು! ಅವ್ವನಿಗೆ ರಾಣಿಯೂ ಗೊತ್ತಿಲ್ಲ, ಪರ್ಕಿನ್ನೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ನೇರಳೆ ಹಣ್ಣು.

ಸರಿ, ಇನ್ನು ಕೆಲಸದ ಮಾತು. ನಿಮ್ಮಲ್ಲಿ ಯಾರಾದ್ರೂ ಈ ಬಣ್ಣ ಬಳಿಸೋರಿದ್ರೆ ಉಪಯೋಗಕ್ಕೆ ಬಂದೀತು.

ನಮ್ಮ ಪೇಂಟರ್ ಅಣ್ಣ ಮೊದಲು ಹೇಳಿದ್ದು, ನಾಲ್ಕೂ ಗೋಡೆಗೆ ಬೇಡ ಅಂತ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಕೊಟ್ಟರೆ ಇಂಥ ಗಾಢ ಬಣ್ಣ ಕೊಡೋದು 15ರ ಆಸುಪಾಸು. ಅವ್ವನಿಗೆ ಸಂಜೆ ಮೇಲೆ ಕಣ್ಣು ಸ್ವಲ್ಪ ಮಂಜು ಬೇರೆ. ಹಾಗಾಗಿ ಕಿಟಕಿಗೆ ಎದುರಾಗಿರೋ ಒಂದೇ ಗೋಡೆಗೆ ಮಾವ್, ಉಳಿದ ಮೂರಕ್ಕೆ ಹಾಲಿನ ಕೆನೆ ಬಣ್ಣ. ಕಿಟಕಿ ಇರೋ ಗೋಡೆಗೇ ಗಾಢ ಬಣ್ಣ ಹೊಡೆದರೆ ಅದರ ಮೇಲೆ ಬೆಳಕೇ ಬೀಳಲ್ಲ, ಹೊರಗಿನ ಬಿಸಿಲು ಕಣ್ಣಿಗೆ ಚುಚ್ಚುತ್ತೆ, ಗೋಡೆ ಕಪ್ಪಗೆ ಕಾಣುತ್ತೆ.

ಎರಡನೇದು, ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಸಣ್ಣ ಡಬ್ಬ ತಂದು ಗೋಡೆ ಮೇಲೆ ಎರಡಡಿ ಚೌಕಕ್ಕೆ ಬಳಿದು ಒಂದಿಡೀ ದಿನ ನೋಡಿ. ನಮ್ಮ ಗೋಡೆ ಬೆಳಗ್ಗೆ ಕೆಂಪಿನ ಕಡೆ ವಾಲಿತ್ತು. ಮುಸ್ಸಂಜೆ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಮೊದಲು ಮಸುಕಾಗುತ್ತೆ, ಹಾಗಾಗಿ ಅದೇ ಗೋಡೆ ನೀಲಿ ಬೂದಿ. ಬೆಳ್ಳಗಿನ ಎಲ್‌ಇಡಿ ಹಾಕಿದಾಗ ಬಣ್ಣ ಸತ್ತೇ ಹೋಯ್ತು. ಹಳದಿ ಬೆಳಕಿನ ಬಲ್ಬ್ ಹಾಕಿದ ಮೇಲೆ ಜೀವ ಬಂತು.

ಮೂರನೇದು, ಸುಣ್ಣದ ಗೋಡೆ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಹಪ್ಪಳದ ಹಾಗೆ ಏಳುತ್ತೆ. ಹಳೇ ಸುಣ್ಣ ಹೆರೆದು, ಪುಟ್ಟಿ ಹಾಕಿ, ಪ್ರೈಮರ್ ಕೊಡಬೇಕು. ಗಾಢ ಬಣ್ಣದ ಡಬ್ಬದಲ್ಲಿ ಬಿಳಿ ಪುಡಿ ಕಡಿಮೆ ಇರುತ್ತೆ, ಅದಕ್ಕೇ ಬೇಗ ಮುಚ್ಚಿಕೊಳ್ಳಲ್ಲ. ಬೂದು ಬಣ್ಣದ ಪ್ರೈಮರ್ ಕೊಟ್ಟರೂ ನಮಗೆ ಮೂರು ಕೋಟ್ ಬೇಕಾಯ್ತು. ಗೋಡೆ ಬುಡದಲ್ಲಿ ತೇವ ಇದ್ದರೆ ಮೊದಲು ಅದನ್ನ ಸರಿಮಾಡಿಸಿ. ಕೆನೆ ಬಣ್ಣದ ಮೇಲೆ ಕಾಣದ ಉಪ್ಪಿನ ಬಿಳಿ ಕಲೆ ಮಾವ್ ಮೇಲೆ ಎದ್ದು ಕಾಣುತ್ತೆ.

ಪೇಂಟರ್ ಅಣ್ಣ ಇನ್ನೊಂದು ಆಟ ತೋರಿಸಿದ್ರು. ಸುಣ್ಣಕ್ಕೆ ನೀಲಿ ಮತ್ತು ಕೆಮ್ಮಣ್ಣು ಎರಡನ್ನೂ ಸೇರಿಸಿದರೆ ಮಾವ್‌ನ ತಮ್ಮನಂಥ ಬಣ್ಣ ಬರುತ್ತೆ! ಎರಡೂ ಸುಣ್ಣದ ಖಾರಕ್ಕೆ ಕೆಡೋದಿಲ್ಲ. ಹಸಿಯಲ್ಲಿ ಗಾಢ, ಒಣಗಿದ ಮೇಲೆ ತಿಳಿ. ಸುಣ್ಣವೇ ಬಿಳಿ, ಎಷ್ಟು ಬೆರೆಸಿದ್ರೂ ಅದಕ್ಕಿಂತ ಗಾಢ ಆಗಲ್ಲ. ಅದನ್ನ ಜಗಲಿ ಗೋಡೆಗೆ ಬಳಿದ್ವಿ. ಅಪ್ಪನ ಬಕೆಟ್ಟೇ, ಅಪ್ಪ ಬಳಸ್ತಿದ್ದ ನೀಲಿ, ಕೆಮ್ಮಣ್ಣೇ. ಇಷ್ಟು ವರ್ಷ ಒಂದು ಮೇಲೆ ಒಂದು ಕೆಳಗೆ ಇದ್ದವು, ಅಷ್ಟೇ.

ಈಗ ಕೋಣೆ ಹೇಗಿದೆ ಅಂದ್ರೆ, ಕೆಂಪು ನೆಲಕ್ಕೂ ಮಾವ್ ಗೋಡೆಗೂ ಒಳ್ಳೇ ನೆಂಟಸ್ತಿಕೆ. ಹೊಸ್ತಿಲ ಅರಿಶಿನ, ಗೂಡಿನಲ್ಲಿರೋ ಹಿತ್ತಾಳೆ ದೀಪ ಎರಡೂ ಮೊದಲಿಗಿಂತ ಹೊಳೀತಿವೆ. ನೇರಳೆಗೆ ಹಳದಿ ಎದುರು ಬಣ್ಣ ಅನ್ನೋದನ್ನ ಕಣ್ಣಾರೆ ನೋಡಿದ ಹಾಗಾಯ್ತು. ಅಪ್ಪನ ಫೋಟೋ ಆ ಗೋಡೆಗೇ ಹಾಕೋಣ ಅಂದೆ. "ಬ್ಯಾಡ ಕಣಪ್ಪ, ಅವ್ರು ನಡುಮನೇಲಿರ್ಲಿ. ಈ ಗೋಡೆಗೆ ಮೊಳೆ ಹೊಡೀಬೇಡ" ಅಂದಳು ಅವ್ವ.

ಹೋದ ವಾರ ದೊಡ್ಡವ್ವ ಮತ್ತೆ ಬಂದಿದ್ರು. ಗೋಡೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅವ್ವನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದ್ರು. ಮೊದಲೆಲ್ಲ ನಡುಮನೆಯಲ್ಲಿ ಮಲಗ್ತಿದ್ರು.

ಅಂದ ಹಾಗೆ, ನಿಮ್ಮ ಕಡೆ ಈ ಬಣ್ಣಕ್ಕೆ ಏನಂತೀರಿ? ನೇರಳೆ, ಬದನೆ ಎರಡೂ ಅಲ್ಲದ ಒಳ್ಳೇ ಕನ್ನಡ ಹೆಸರಿದ್ದರೆ ಹೇಳಿ. ಅಂಗಡಿಯವರಿಗೆ ತಲುಪಿಸ್ತೀನಿ. ಅಲ್ಲೀವರೆಗೂ ನಮ್ಮನೇಲಿ ಅದು "ಅವ್ವನ ಬಣ್ಣ".